ಖಾರ ಬನ್ನಿನ ಬಾಕಿ

ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಈ ಪತ್ರಿಕೆ ಕೊಂಡು, ಬಸ್ಸು ಹೊರಡೋದಕ್ಕೆ ಇನ್ನೂ ಹತ್ತು ನಿಮಿಷ ಇದೆ ಅಂತ ಕಿಟಕಿ ಪಕ್ಕ ಕೂತಿರೋ ತಮ್ಮಂದಿರೇ, ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಒಂದು ಕೈಯಲ್ಲಿ ಪತ್ರಿಕೆ ಇದೆ, ಸರಿ. ಇನ್ನೊಂದು ಕೈಯಲ್ಲಿ ಏನಿದೆ? ಎಣ್ಣೆ ಹತ್ತಿದ ಕಾಗದದಲ್ಲಿ ಸುತ್ತಿದ ಖಾರ ಬನ್ನು ತಾನೆ? ಇಲ್ಲಾ, ತೊಡೆ ಮೇಲೆಲ್ಲಾ ಕೊಬ್ಬರಿತುರಿ ಉದುರಿಸೋ ದಿಲ್‌ಪಸಂದು? ಗೊತ್ತು ಬಿಡಿ. ನಾನೂ ಅದೇ ಸೀಟಿನಲ್ಲಿ ಕೂತು ಬಂದವನು.

ಈ ವಾರ ತಾರೆಯರ ಸುದ್ದಿ ಬದಿಗಿಟ್ಟು ಬೇಕರಿ ಸುದ್ದಿ ಬರೀತಾ ಇದ್ದೀನಿ. "ಏನ್ರೀ ಇದು, ಸಿನಿಮಾ ಪತ್ರಿಕೇಲಿ ಬನ್ನು?" ಅಂತ ಸಂಪಾದಕರು ಹುಬ್ಬೇರಿಸಿದರು. "ಸಾರ್, ಗಾಂಧಿನಗರದಲ್ಲಿ ಬನ್ನು ತಿನ್ನದೆ ಸಿನಿಮಾ ಮಾಡಿದೋರು ಯಾರಾದರೂ ಇದ್ದರೆ ತೋರಿಸಿ" ಅಂದೆ. ಅವರೂ ಒಂದು ಕಾಲದಲ್ಲಿ ತಿಂದವರೇ. ಸುಮ್ಮನಾದರು.

ವಿಷಯ ಏನಪ್ಪಾ ಅಂದರೆ, ಹೋದ ತಿಂಗಳು ಒಂದು ರಾತ್ರಿ ಫೋನು ಬಂತು. ಶ್ರೀರಾಮಪುರದ ಬೇಕರಿ ಅಯ್ಯಂಗಾರ್ರ ಮಗ. "ಅಣ್ಣಾ, ಕಟ್ಟಡದ ಓನರ್ರು ಬಾಡಿಗೆ ಎರಡರಷ್ಟು ಕೇಳ್ತಿದ್ದಾರೆ. ತಿಂಗಳ ಕೊನೆಗೆ ಆಗತ್ತೋ ಇಲ್ವೋ ಹೇಳಬೇಕು. ಮನೇಲಿ ಎಲ್ಲರೂ ಮುಚ್ಚು ಅಂತಾರೆ. ಅಪ್ಪ ಇದ್ದಿದ್ರೆ ಅಪ್ಪನ್ನ ಕೇಳ್ತಿದ್ದೆ. ಈಗ ನಿಮ್ಮನ್ನ ಕೇಳ್ತಾ ಇದ್ದೀನಿ. ನೀವು ಹೇಳಿದ ಹಾಗೆ."

ನನ್ನ ಎದೆ ಧಸಕ್ಕೆಂದಿತು. ಜೀವನದಲ್ಲಿ ನಾನು ಕೊಟ್ಟ ಸಲಹೆ ಕೇಳಿ ಉದ್ಧಾರವಾದವರು ಯಾರೂ ಇಲ್ಲ. "ಒಂದು ದಿನ ಟೈಮ್ ಕೊಡು ಕಣಪ್ಪ. ಊರೆಲ್ಲ ಸುತ್ತಿ, ತಿಂದು ನೋಡಿ ಬಂದು ಹೇಳ್ತೀನಿ" ಅಂದುಬಿಟ್ಟೆ. ಬಾಯಿತಪ್ಪಿ ಬಂದ ಮಾತು. ಆದರೆ ಆಡಿಯಾಗಿತ್ತಲ್ಲ!

ಆ ಬೇಕರಿ ನನಗೆ ಏನು ಅನ್ನೋದನ್ನು ಮೊದಲು ಹೇಳಿಬಿಡ್ತೀನಿ.

1980ರಲ್ಲಿ ಹೊಳೆನರಸೀಪುರದ ಕಡೆಯ ನಮ್ಮ ಹಳ್ಳಿಯಿಂದ ಹೀರೋ ಆಗೋಕೆ ಅಂತ ಬೆಂಗಳೂರಿಗೆ ಬಂದೆ. ಪಿ.ಯು.ಸಿ. ಫೇಲು. ಕಿವಿ ಮುಚ್ಚುವಷ್ಟು ಕೂದಲು, ರಸ್ತೆ ಗುಡಿಸುವಂಥ ಬೆಲ್‌ಬಾಟಂ, ಕೈಯಲ್ಲಿ ಹಾಸನದ ಸ್ಟುಡಿಯೋದಲ್ಲಿ ತೆಗೆಸಿದ ಆರು ಫೋಟೋ. ಒಂದರಲ್ಲಿ ನಗು, ಒಂದರಲ್ಲಿ ಕೋಪ, ಒಂದರಲ್ಲಿ ಪ್ರೇಮ, ಒಂದರಲ್ಲಿ ಟೆಲಿಫೋನು. ಗಾಂಧಿನಗರದ ಆಫೀಸುಗಳ ಮೆಟ್ಟಿಲು ಹತ್ತಿ ಇಳಿದದ್ದೇ ಬಂತು. ಹಗಲು ಮೆಟ್ಟಿಲು, ಸಂಜೆ ಗಾಂಧಿ ಕ್ಲಾಸು. ಕೆಂಪೇಗೌಡ ರಸ್ತೆಯಲ್ಲಿ ಆಗ ಎಲ್ಲಿ ನೋಡಿದರೂ ಟಾಕೀಸು: ಸಾಗರ್, ಸ್ಟೇಟ್ಸ್, ಹಿಮಾಲಯ, ಸಂತೋಷ್, ನರ್ತಕಿ, ತ್ರಿಭುವನ್, ಕೈಲಾಶ್, ಕಪಾಲಿ... ಜೇಬು ಖಾಲಿಯಾಗೋಕೆ ಆರು ದಿನ ಸಾಕಾಯಿತು.

ಏಳನೇ ದಿನ ಶ್ರೀರಾಮಪುರದ ಒಂದು ಬೇಕರಿ ಮುಂದೆ ನಿಂತಿದ್ದೆ. ಕೊಳ್ಳೋಕಲ್ಲ, ವಾಸನೆ ಕುಡಿಯೋಕೆ. ಗಾಜಿನ ಕಪಾಟಿನ ಹಿಂದೆ ಬನಿಯನ್ನು ತೊಟ್ಟು, ನಾಮ ಹಾಕಿಕೊಂಡಿದ್ದ ಯಜಮಾನರು ಎರಡು ಸಲ ನೋಡಿದರು. ಮೂರನೇ ಸಲ ಕೇಳಿಯೇಬಿಟ್ಟರು.

"ಏನೋ, ಯಾವ ಊರು?"

ಹೇಳಿದೆ. ಅವರೂ ಹಾಸನದ ಕಡೆಯವರೇ. ಕಾಗದದ ಮೇಲೆ ಒಂದು ಖಾರ ಬನ್ನು ಇಟ್ಟು ಮುಂದೆ ತಳ್ಳಿದರು. ತಿಂದ ರೀತಿ ನೋಡಿ ಇನ್ನೊಂದು ತಳ್ಳಿದರು.

"ಹಿಟ್ಟು ನಾದೋಕೆ ಬರತ್ತೇನೋ?"

"ರಾಗಿಹಿಟ್ಟು ತೊಳಸೋಕೆ ಬರತ್ತೆ ಅಯ್ನೋರೇ."

"ತೋಳು ಒಂದೇ ತಾನೇ, ಒಳಗೆ ಬಾ."

ಹಾಗೆ ಸಿಕ್ಕಿತು ನನಗೆ ಬೆಂಗಳೂರಿನಲ್ಲಿ ಮೊದಲ ಪಾತ್ರ. ಒಂದೂವರೆ ವರ್ಷ ಆ ಭಟ್ಟಿಯ ಬೆನ್ನಿಗೆ ಚಾಪೆ ಹಾಸಿ ಮಲಗಿದ್ದೆ. ಡಿಸೆಂಬರ್ ಚಳಿಯಲ್ಲಿ ಅದಕ್ಕಿಂತ ಬೆಚ್ಚಗಿನ ಜಾಗ ಈ ನಗರದಲ್ಲಿ ಎಲ್ಲೂ ಇರಲಿಲ್ಲ ಅಂತ ಪ್ರಮಾಣ ಮಾಡಿ ಹೇಳಬಲ್ಲೆ.

ಸೌದೆ ಭಟ್ಟಿ ನೋಡಿದ್ದೀರಾ? ಈಗಿನವರು ನೋಡಿರೋದು ಕಡಿಮೆ. ಒಂದು ಇಟ್ಟಿಗೆಯ ಗುಹೆ ಅಂದುಕೊಳ್ಳಿ. ಮೇಲೆ ತಗ್ಗಾದ ಕಮಾನು, ಮುಂದೆ ಒಂದು ಸಣ್ಣ ಬಾಯಿ. ರಾತ್ರಿ ಹನ್ನೊಂದಕ್ಕೆ ಅದರ ಹೊಟ್ಟೆಯಲ್ಲೇ ಸೌದೆ ಉರಿಸ್ತಾರೆ. ಮೊದಲು ಕಮಾನು ಮಸಿ ಹಿಡಿದು ಕಪ್ಪಾಗುತ್ತೆ. ಕಾವು ಏರಿ ಏರಿ, ಆ ಮಸಿಯೇ ಸುಟ್ಟುಹೋಗಿ ಇಟ್ಟಿಗೆ ಬೆಳ್ಳಗಾಗುತ್ತೆ. ಅದೇ ಗುರುತು. ಆಮೇಲೆ ಕೆಂಡವೆಲ್ಲ ಹೊರಗೆಳೆದು, ಒದ್ದೆ ಗೋಣಿಯಿಂದ ನೆಲ ಒರೆಸಿ, ಒಂದು ಚಿಟಿಕೆ ಮೈದಾ ಒಳಗೆ ಎಸೀತಿದ್ದರು ಅಯ್ಯಂಗಾರ್ರು. ಬಿದ್ದ ತಕ್ಷಣ ಕಪ್ಪಾದರೆ ಇನ್ನೂ ಕಾಯಬೇಕು. ನಿಧಾನಕ್ಕೆ ಕಂದುಬಣ್ಣಕ್ಕೆ ತಿರುಗಿದರೆ ಬ್ರೆಡ್ಡು ಒಳಗೆ. ಥರ್ಮಾಮೀಟರೂ ಇಲ್ಲ, ಗಡಿಯಾರವೂ ಇಲ್ಲ.

ಬೆಂಕಿ ಆರಿದ ಮೇಲೆ ಬರೀ ಇಟ್ಟಿಗೆ ಹಿಡಿದಿಟ್ಟ ಕಾವಿನಲ್ಲಿ ಬೇಯೋದು. ಆ ಕಾವು ಗಂಟೆಗಂಟೆಗೂ ಇಳೀತಾ ಹೋಗುತ್ತೆ. ಟಾಕೀಸಿಗೆ ನಾಲ್ಕು ಆಟ ಇದ್ದ ಹಾಗೆ ಭಟ್ಟಿಗೂ ನಾಲ್ಕು ಆಟ. ಜೋರು ಕಾವಿಗೆ ಬ್ರೆಡ್ಡು, ಬನ್ನು. ಸ್ವಲ್ಪ ತಗ್ಗಿದ ಮೇಲೆ ಕೇಕು. ಇನ್ನೂ ತಗ್ಗಿದ ಮೇಲೆ ಬೆಣ್ಣೆ ಬಿಸ್ಕತ್ತು. ಕೊನೆಗೆ, ಕೈ ಇಟ್ಟರೂ ತಡೆಯುವಷ್ಟು ಕಾವು ಉಳಿದಾಗ, ಹಿಂದಿನ ದಿನದ ಬ್ರೆಡ್ಡು ಕೊಯ್ದು ಒಳಗೆ ಹರಡಿ ಮಲಗಿಸಿದರೆ ಒಣಗಿ ರಸ್ಕು! ಒಂದು ಹೊರೆ ಸೌದೆಯಲ್ಲಿ ಕಾಸಿನಷ್ಟು ಕಾವೂ ದಂಡ ಇಲ್ಲ. ನಮ್ಮ ನಿರ್ಮಾಪಕರು ಇದನ್ನು ಕಲೀಬೇಕಿತ್ತು ಅಂತ ನಾನು ಎಷ್ಟೋ ಸಲ ಅಂದುಕೊಂಡದ್ದುಂಟು.

ಆದರೆ ಖಾರ ಬನ್ನಿನ ಕಥೆ ಬೇರೆ. ಅದಕ್ಕೆ ಮಧ್ಯಾಹ್ನ ಮತ್ತೊಮ್ಮೆ ಸೌದೆ ಹಾಕಿ ಕಾವು ಎಬ್ಬಿಸ್ತಿದ್ದರು. ಯಾಕೆ ಅಂತೀರಿ? ಪಕ್ಕದ ರಸ್ತೆಯಲ್ಲಿ ಒಂದು ಟಾಕೀಸು. ಸಂಜೆ ಐದೂವರೆಗೆ ಮ್ಯಾಟ್ನಿ ಬಿಡೋದು. ಐದೂಕಾಲಿಗೆ ತಟ್ಟೆ ಹೊರಗೆ. ಎರಡೂವರೆ ಗಂಟೆ ಕತ್ತಲಲ್ಲಿ ಅತ್ತು, ನಕ್ಕು, ಶಿಳ್ಳೆ ಹೊಡೆದು ಹೊರಗೆ ಬಂದವನ ಮೂಗಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಬೆಂದ ವಾಸನೆ ಬಡಿದರೆ ಅವನು ಎಲ್ಲಿಗೆ ಹೋದಾನು? ಅರ್ಧ ಗಂಟೇಲಿ ಇನ್ನೂರು ಬನ್ನು ಖಾಲಿ. ಬನ್ನಿನ ಗುಟ್ಟೂ ಒಂದು ಹೇಳ್ತೀನಿ, ಯಾರಿಗೂ ಹೇಳಬೇಡಿ. ಈರುಳ್ಳಿಯನ್ನ ಮೊದಲೇ ಹಿಟ್ಟಿಗೆ ಹಾಕಬಾರದು. ಉಪ್ಪು ತಾಗಿ ನೀರು ಬಿಟ್ಟು ಹಿಟ್ಟು ಜೋಲುತ್ತೆ. ಹಿಟ್ಟು ಒಂದು ಸಲ ಉಬ್ಬಿದ ಮೇಲೆ ಹಾಕಿ, ಮೆತ್ತಗೆ ಬೆರೆಸಿ, ಉಂಡೆ ಕಟ್ಟಬೇಕು.

ನಾನು ಆಮೇಲೆ ಹೀರೋ ಆಗಲಿಲ್ಲ ಅನ್ನೋದು ನಿಮಗೆ ಗೊತ್ತೇ ಇದೆ, ಆಗಿದ್ದರೆ ಈ ಪುಟದಲ್ಲಿ ನನ್ನ ಲೇಖನ ಅಲ್ಲ, ಫೋಟೋ ಇರ್ತಿತ್ತು. ಕಂಠೀರವ ಸ್ಟುಡಿಯೋದಲ್ಲಿ ಪ್ರೊಡಕ್ಷನ್ ಬಾಯ್ ಕೆಲಸ ಸಿಕ್ಕಿತು. ಏನು ಕೆಲಸ? ಸೆಟ್ಟಿಗೆ ತಿಂಡಿ ಹೊರೋದು. ಯಾವ ತಿಂಡಿ? ಅದೇ ಖಾರ ಬನ್ನು! ವಿಧಿ ಹಾಸ್ಯನಟನಿಗಿಂತ ಚೆನ್ನಾಗಿ ತಮಾಷೆ ಮಾಡುತ್ತೆ ಸ್ವಾಮೀ. ಕಂಪೆನಿ ಬನ್ನಿಗೆ ಕಂಪೆನಿ ದುಡ್ಡು. ನಾನು ತಿಂದ ಬನ್ನಿಗೆ ಅಯ್ಯಂಗಾರ್ರ ಪುಸ್ತಕದಲ್ಲಿ ಬಾಕಿ. ಆಮೇಲೆ ಹೊರಾಂಗಣ ಚಿತ್ರೀಕರಣ, ಆ ಊರು ಈ ಊರು, ಮದರಾಸು... ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹನ್ನೆರಡು ದಿನ ಆದ ಮೇಲೆ. ಬಾಕಿ ಹಾಗೇ ಉಳಿಯಿತು.

ಸರಿ, ಈಗ ತಿರುಗಾಟಕ್ಕೆ ಬರೋಣ.

ಬೆಳಿಗ್ಗೆ ಮೊದಲು ವಿಶ್ವೇಶ್ವರಪುರ. ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದಲ್ಲಿ ಇಳಿದು ಸಜ್ಜನ್‌ರಾವ್ ಸರ್ಕಲ್ಲಿನತ್ತ ನಡೆದರೆ ವಿ.ಬಿ. ಬೇಕರಿ. 1953ರಿಂದ ಇರೋ ಅಂಗಡಿ. ಪಕ್ಕದ ತಿಂಡಿ ಬೀದಿ ಸಂಜೆ ಮೇಲೆ ಜೀವ ತುಂಬಿಕೊಳ್ಳುತ್ತೆ, ಬೆಳಿಗ್ಗೆ ಪಾಪ, ಮೇಕಪ್ ಇಲ್ಲದ ನಾಯಕಿ ಥರ ಇರುತ್ತೆ. ಬೇಕರಿ ಮುಂದೆ ಮಾತ್ರ ಆಗಲೇ ಜನ. ಕೂರೋಕೆ ಜಾಗ ಹುಡುಕಬೇಡಿ. ನಿಂತು ತಿನ್ನಿ, ಕಾಗದ ಡಬ್ಬಿಗೆ ಹಾಕಿ, ಹೊರಡಿ.

ನಾನು ತೊಗೊಂಡದ್ದು ಕಾಂಗ್ರೆಸ್ ಬನ್ನು. ಸಿಹಿ ಬನ್ನನ್ನು ಅಡ್ಡಕ್ಕೆ ಕೊಯ್ದು, ಬೆಣ್ಣೆ ಸವರಿ, ಒಳಗೆ ಕಾಂಗ್ರೆಸ್ ಕಡಲೇಕಾಯಿ ತುಂಬಿ ಕೊಡ್ತಾರೆ. ಹಲ್ಲು ಮೊದಲು ಮೆತ್ತಗಿನ ಬನ್ನಿಗೆ ಇಳಿಯುತ್ತೆ, ಬೆಣ್ಣೆ ಜಾರುತ್ತೆ, ಆಮೇಲೆ ಕಟುಂ ಅಂತ ಮೆಣಸು, ಇಂಗು, ಕರಿಬೇವಿನ ಘಾಟು. ಸಿಹಿ, ಉಪ್ಪು, ಖಾರ ಮೂರೂ ಒಂದೇ ತುತ್ತಿನಲ್ಲಿ. ತ್ರಿಪಾತ್ರ ಅಂದರೆ ಇದು! ಈ ಕಡಲೇಕಾಯಿಗೆ ಆ ಹೆಸರು ಯಾಕೆ ಬಂತು ಗೊತ್ತೇ? 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ಸಿನ ದೊಡ್ಡ ಸಭೆ ನಡೆಯಿತು. ಅದೇ ವರ್ಷ ನವೆಂಬರಿನಲ್ಲಿ ಪಕ್ಷ ಎರಡು ಹೋಳಾಯಿತು. ಈ ಕಡಲೇಕಾಯಿಯೂ ಎರಡು ಹೋಳು. ಅದಕ್ಕೇ ಆ ಹೆಸರು ಅಂತ ಜನ ಹೇಳೋ ಕಥೆ. ಕಥೆ ನಿಜವೋ ಸುಳ್ಳೋ, ಚಿತ್ರಕಥೆ ಮಾತ್ರ ಗಟ್ಟಿ.

ಹನಿ ಕೇಕೂ ಒಂದು ತಿಂದೆ. ಸ್ಪಂಜಿನಂಥ ಕೇಕಿಗೆ ಜೇನು ಬೆರೆಸಿದ ಸಕ್ಕರೆ ಪಾಕ ಕುಡಿಸಿ, ಮೇಲೆ ಕೆಂಪು ಜಾಮು, ಅದರ ಮೇಲೆ ಒಣಕೊಬ್ಬರಿ ಪುಡಿ. ಇದನ್ನು ತಿನ್ನುವಾಗ ಶರ್ಟಿನ ಮೇಲೆ ಬೀಳಿಸಿಕೊಳ್ಳದವನು ಬೆಂಗಳೂರಿನವನೇ ಅಲ್ಲ. ನನ್ನ ಪಕ್ಕ ನಿಂತಿದ್ದ ಕಾಲೇಜು ಹುಡುಗ ಒಬ್ಬ ಬನ್ನು ಕಚ್ಚುತ್ತಾ ಗಡಿಯಾರ ನೋಡ್ತಿದ್ದ. "ಯಾಕಪ್ಪ, ಕ್ಲಾಸಾ?" ಅಂದೆ. "ಇಲ್ಲ ಸಾರ್, ಮಾರ್ನಿಂಗ್ ಶೋ." ಅಪ್ಪಿಕೊಳ್ಳೋಣ ಅನ್ನಿಸಿತು.

ಅಲ್ಲಿಂದ ಮೆಟ್ರೋ ಹತ್ತಿ ಎರಡೇ ನಿಲ್ದಾಣ, ಚಿಕ್ಕಪೇಟೆ. ಇದು ನಮ್ಮ ಬನ್ನಿನ ತವರು. 1898ರಲ್ಲಿ ಎಚ್.ಎಸ್. ತಿರುಮಲಾಚಾರ್ ಮತ್ತು ಸಹೋದರರು ಇಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದರು. ಹಾಸನದ ಕಡೆಯಿಂದ ಬಂದವರು. ಮೊದಲು ಸಿಹಿತಿಂಡಿ ಮಾರ್ತಿದ್ದರಂತೆ. ಅಂಗಡಿಗೆ ಬರುತ್ತಿದ್ದ ಒಬ್ಬ ಇಂಗ್ಲಿಷ್ ದೊರೆ ಬ್ರೆಡ್ಡು ಸುಡೋದು ಕಲಿಸಿಕೊಟ್ಟ ಅಂತ ಹೇಳ್ತಾರೆ. ಯೋಚನೆ ಮಾಡಿ. ಆ ಕಾಲದಲ್ಲಿ ಮಡಿ ಮನೆಗಳಲ್ಲಿ ಬ್ರೆಡ್ಡು ಅಂದರೆ ಮೂಗು ಮುಚ್ಚಿಕೊಳ್ತಿದ್ದರು. ಹುಳಿ ಬರಿಸೋಕೆ ಏನು ಹಾಕಿದ್ದಾನೋ, ಮೊಟ್ಟೆ ಒಡೆದಿದ್ದಾನೋ, ಯಾರು ಮುಟ್ಟಿದ್ದಾರೋ! ಅಂಥದರಲ್ಲಿ ಅಯ್ಯಂಗಾರ್ರೇ ಭಟ್ಟಿ ಮುಂದೆ ನಿಂತು, ಮೊಟ್ಟೆ ಇಲ್ಲದ ಕೇಕು ಮಾಡಿ ಕೊಟ್ಟರೆ ಇನ್ನೇನು ತಕರಾರು? ಅಜ್ಜಿಯರೂ ಕಾಫಿಗೆ ರಸ್ಕು ಅದ್ದಿದರು. ದೊರೆಯ ಬ್ರೆಡ್ಡಿಗೆ ನಮ್ಮ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಬಿದ್ದು ಖಾರ ಬನ್ನಾಯಿತು, ಪಲ್ಯ ತುಂಬಿ ಪಲ್ಯದ ಬನ್ನಾಯಿತು. ಹಿಂದಿ ಚಿತ್ರವನ್ನು ಕನ್ನಡಕ್ಕೆ ರೀಮೇಕು ಮಾಡಿ ಮೂಲಕ್ಕಿಂತ ಚೆನ್ನಾಗಿ ಓಡಿಸಿದ ಹಾಗೆ.

ಒಬ್ಬರ ಹಿಂದೆ ಒಬ್ಬರು ನೆಂಟರು, ಊರವರು ಬಂದರು. ಬೇಕರಿ ಕೆಲಸ ಕಲಿತು, ಮುಂದಿನ ಬಡಾವಣೆಯಲ್ಲಿ ತಮ್ಮದೊಂದು ತೆರೆದರು. ಈಗ ಅಯ್ಯಂಗಾರ್ ಬೇಕರಿ ಅನ್ನೋ ಬೋರ್ಡು ರಾಜ್ಯದ ಯಾವ ಊರಿನ ಬಸ್ ನಿಲ್ದಾಣದ ಎದುರಿಗೂ ಸಿಗುತ್ತೆ. ನಡೆಸೋರು ಎಲ್ಲರೂ ಅಯ್ಯಂಗಾರ್ರೇ ಅಲ್ಲ. ನನಗೆ ಅದರಲ್ಲಿ ಆಕ್ಷೇಪಣೆಯೂ ಇಲ್ಲ. ಮುದ್ದೆ ತೊಳಸುವ ಕೈ ಮೈದಾ ನಾದಿಲ್ಲವೇ?

ಚಿಕ್ಕಪೇಟೆಯಿಂದ ಕೆಂಪೇಗೌಡ ರಸ್ತೆಗೆ ನಡೆದೇ ಹೋದೆ. ಹೋಗಬಾರದಿತ್ತು. ಕಪಾಲಿ ಇದ್ದ ಕಡೆ ಬಂದಾಗ ಕಾಲು ತಾನಾಗಿ ನಿಂತಿತು. ಅದು 2017ರಲ್ಲಿ ಕೊನೆಯ ಆಟ ಆಡಿತು. ಸ್ಟೇಟ್ಸ್‌ನಲ್ಲಿ 1972ರ 'ಬಂಗಾರದ ಮನುಷ್ಯ' ವರ್ಷ ದಾಟಿ ಓಡಿದ್ದನ್ನು ನಮ್ಮ ಹಳ್ಳಿಯಲ್ಲಿ ಪುರಾಣದ ಹಾಗೆ ಹೇಳ್ತಿದ್ದರು. ಆ ಹೆಸರಿನ ಟಾಕೀಸೂ ಈಗಿಲ್ಲ. ಪಟ್ಟಿ ಬೆಳೆಸೋಲ್ಲ. ನಿಮಗೆ ನನಗಿಂತ ಚೆನ್ನಾಗಿ ಗೊತ್ತಿದೆ.

ಮೆಜೆಸ್ಟಿಕ್‌ನಿಂದ ಮತ್ತೆ ಮೆಟ್ರೋ. ಕಬ್ಬನ್ ಪಾರ್ಕು ದಾಟಿದರೆ ಬೇರೆ ಊರು. ನಿಜವಾಗಿಯೂ ಬೇರೆ ಊರೇ ಆಗಿತ್ತು. ಈ ಕಡೆ ಪೇಟೆ, ಆ ಕಡೆ ದಂಡು. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ. 1949ರಲ್ಲಿ ಎರಡನ್ನೂ ಸೇರಿಸಿ ಒಂದೇ ಕಾರ್ಪೊರೇಷನ್ ಮಾಡಿದರು. ಆದರೆ ಬೇಕರಿಗಳು ಮಾತ್ರ ಇನ್ನೂ ಒಂದಾಗಿಲ್ಲ! ಪೇಟೆಯ ಬೇಕರಿ ನಿಂತು ತಿನ್ನೋದು, ದಂಡಿನದು ಕೂತು ತಿನ್ನೋದು. ಎಂ.ಜಿ. ರಸ್ತೆಯಲ್ಲಿ ಇಳಿದೆ. ಹಳೆಯ ಪ್ಲಾಜಾ ಟಾಕೀಸಿನ ಜಾಗ ಈ ಮೆಟ್ರೋಗೇ ಹೋಯಿತು. ಆಚೆ ಬ್ರಿಗೇಡ್ ರಸ್ತೆಯ ರೆಕ್ಸು 2018ರ ಕೊನೆಗೆ ಮುಚ್ಚಿತು. ಇಂಗ್ಲಿಷ್ ಚಿತ್ರದ ಫೈಟಿಂಗು ನೋಡೋಕೆ ಅಂತ ನಾವು ಈ ಕಡೆ ಬರ್ತಿದ್ದುದು. ಮಾತು ಅರ್ಥವಾಗ್ತಿರಲಿಲ್ಲ, ಏಟು ಅರ್ಥವಾಗ್ತಿತ್ತು.

ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ಗೆ ಹೋದೆ. ಕೇರಳ ಮೂಲದ ಪಿ.ಒ. ಕೋಶಿಯವರು 1940ರಲ್ಲಿ ಮೊದಲು ಬೇಕರಿಯಾಗಿ ಶುರುಮಾಡಿದ್ದು. ಹೋಟೆಲು ಆಮೇಲೆ ಬಂತು. ಪತ್ರಕರ್ತರು, ನಾಟಕದವರು, ಚಿತ್ರಕಾರರು, ಸಿನಿಮಾದವರು ಒಂದು ಕಾಫಿ ಹಿಡಿದು ಅರ್ಧ ದಿನ ಕೂರೋ ಜಾಗ ಅಂತ ಹೆಸರು. ನಮ್ಮ ಒಬ್ಬ ನಿರ್ದೇಶಕರು ಒಳಗೆ ಕೂತು ಚರ್ಚೆ ಮಾಡುವಾಗ ನಾನು ಹೊರಗೆ ಫುಟ್‌ಪಾತಿನಲ್ಲಿ ಎರಡು ಗಂಟೆ ಅವರ ಬ್ಯಾಗು ಹಿಡಿದು ನಿಂತಿದ್ದೆ, 1984ರಲ್ಲಿ. ಯಾರೂ ಬರಬೇಡ ಅಂದಿರಲಿಲ್ಲ. ನನಗೇ ಧೈರ್ಯ ಇರಲಿಲ್ಲ, ಚಪ್ಪಲಿಯ ಬಾರು ಕಿತ್ತಿತ್ತು. ಈ ಸಲ ರಾಜನ ಹಾಗೆ ಒಳಗೆ ಹೋಗಿ ಕೂತು ಕಾಫಿ ಹೇಳಿ, ಪ್ಲಮ್ ಕೇಕು ತಿಂದೆ. ಕೇಕು ಚೆನ್ನಾಗಿತ್ತು. ಪಕ್ಕದ ಮೇಜಿನಲ್ಲಿ ಇಬ್ಬರು ಹುಡುಗರು ತಮ್ಮ ಮೊದಲ ಚಿತ್ರದ ಬಜೆಟ್ಟು ಬರೀತಿದ್ದರು. ಊಟದ ಖರ್ಚಿನ ಕಾಲಂ ಖಾಲಿ ಬಿಟ್ಟಿದ್ದು ಕಾಣಿಸಿತು. ಹೇಳೋಣ ಅಂದುಕೊಂಡೆ, ಬಿಟ್ಟೆ.

ಮೂರು ಗಂಟೆಗೆ ಫ್ರೇಜರ್ ಟೌನು. ಮಸೀದಿ ರಸ್ತೆಯ ಆಲ್ಬರ್ಟ್ ಬೇಕರಿ. ಹೆಸರು ಆಲ್ಬರ್ಟ್, ನಡೆಸೋರು ಮುಸ್ಲಿಂ ಕುಟುಂಬ, ಹುಟ್ಟಿದ್ದು 1902. ಗುಡ್ ಫ್ರೈಡೇ ಬಂತು ಅಂದರೆ ಶಿಲುಬೆ ಗುರುತಿನ ಬನ್ನಿಗೆ ಸಾಲು, ರಂಜಾನ್ ಬಂದರೆ ಇನ್ನೊಂದು ಸಾಲು. ಈ ಅಂಗಡಿಯ ಮಜಾ ಏನು ಅಂದರೆ ಬೆಳಿಗ್ಗೆ ಹೋದರೆ ಬಾಗಿಲು ಹಾಕಿರುತ್ತೆ. ತೆಗೆಯೋದೇ ಮಧ್ಯಾಹ್ನದ ಮೇಲೆ. ಜನ ಕಾಯ್ತಾರೆ. ಬ್ರೇನ್ ಪಫ್ ಅಂತ ಕುರಿ ಮಿದುಳು ಮಸಾಲೆ ಹಾಕಿ ತುಂಬಿದ ಪಫ್ಫು ಇಲ್ಲಿಯ ಹೀರೋ. ಖೋವಾ ನಾನ್ ಅಂತ ಇನ್ನೊಂದಿದೆ, ಒಳಗೆ ಸಿಹಿ ಖೋವಾ. ತಡವಾಗಿ ಹೋದರೆ ಖಾಲಿ ತಟ್ಟೆ ನೋಡಿ ಬರಬೇಕು.

ಇಲ್ಲಿ ನಾನು ಮೊದಲು ನಿಂತಿದ್ದು 1982ರಲ್ಲಿ, ಅಯ್ಯಂಗಾರ್ರ ಜೊತೆ! ಕೇಕಿನ ಅಚ್ಚು ಕೊಳ್ಳೋಕೆ ಶಿವಾಜಿನಗರಕ್ಕೆ ಬಂದಿದ್ದೆವು. "ಅಲ್ಲೊಂದು ಪಫ್ಫು ಮಾಡ್ತಾರಂತೆ ಕಣೋ, ಪದರ ಪದರ ಬಿಡಿಸಿಕೊಳ್ಳತ್ತಂತೆ. ನಡಿ, ನೋಡೋಣ" ಅಂದರು. ಅವರು ರಸ್ತೆಯ ಈಚೆ ಕಡೆ ನಿಂತರು. ನಾನು ಹೋಗಿ ಒಂದು ಬ್ರೇನ್ ಪಫ್ ತಂದೆ. ಅಯ್ಯಂಗಾರ್ರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮೂಗಿಗೆ ಅಂಗವಸ್ತ್ರ ಹಿಡಿಯೋಕೂ ಮರೆತು, ಬಗ್ಗಿ ನೋಡಿದರು. "ಮುರಿ." ಮುರಿದೆ. "ಅಂಚು ತೋರಿಸು." ತೋರಿಸಿದೆ. ತುಟಿಯಲ್ಲೇ ಪದರ ಎಣಿಸ್ತಿದ್ದರು. "ಒಳಗಿನ ಪದರ ಹಸಿ ಇದೆಯೇನೋ?" "ಇಲ್ಲ ಅಯ್ನೋರೇ, ಗರಿಗರಿ." ಒಂದು ನಿಮಿಷ ಸುಮ್ಮನಿದ್ದು, "ಭೇಷ್ ಮಾಡಿದಾನೆ. ನೀನು ತಿನ್ನು, ನಾನು ಆ ಕಡೆ ತಿರುಗಿರ್ತೀನಿ" ಅಂದರು.

ಆ ರಾತ್ರಿ ನಮಗೆ ನಿದ್ದೆ ಇಲ್ಲ. ಮೈದಾ ಹಿಟ್ಟು ಲಟ್ಟಿಸು, ಕೊಬ್ಬು ಸವರು, ಮಡಿಸು, ಒದ್ದೆ ಬಟ್ಟೆ ಹೊದಿಸಿ ತಣ್ಣಗೆ ಮಲಗಿಸು, ಮತ್ತೆ ಲಟ್ಟಿಸು. ಅವಸರ ಮಾಡಿದರೆ ಕೊಬ್ಬು ಕರಗಿ ಹಿಟ್ಟಿಗೇ ಸೇರಿ ಪದರ ಹೋಗುತ್ತೆ. ಬೆಳಗಿನ ಜಾವಕ್ಕೆ ಬಂದ ತರಕಾರಿ ಪಫ್ಫು ಮುರಿದು ಅಂಚು ನೋಡಿ, "ಇನ್ನೂ ಎರಡು ಪದರ ಕಡಿಮೆ" ಅಂತ ಪಕ್ಕಕ್ಕೆ ತಳ್ಳಿದರು. ಆ ತಳ್ಳಿದ್ದನ್ನೆಲ್ಲ ತಿಂದವನು ನಾನು.

ಈ ಸಲ ಅದೇ ಜಾಗದಲ್ಲಿ ನಿಂತು ಒಬ್ಬನೇ ಪಫ್ಫು ಮುರಿದೆ. ಅಂಚು ನೋಡಿದೆ. ಯಾರಿಗೆ ತೋರಿಸೋದು?

ಶ್ರೀರಾಮಪುರ ತಲುಪಿದಾಗ ರಾತ್ರಿ ಎಂಟು. ಹುಡುಗ (ಅವನಿಗೂ ನಲವತ್ತೈದು ದಾಟಿದೆ, ನನಗೆ ಹುಡುಗನೇ) ಗಲ್ಲಾದಲ್ಲಿ ಕೂತಿದ್ದ. ಅಂಗಡಿ ಥಳಥಳ ಅಂತಿತ್ತು. ಕಪಾಟಿನಲ್ಲಿ ಕೆನೆ ಹಚ್ಚಿದ ಬಣ್ಣಬಣ್ಣದ ಪೇಸ್ಟ್ರಿ, ಮೇಲೆ ಚಿಪ್ಸಿನ ಪೊಟ್ಟಣಗಳ ತೋರಣ, ಮೂಲೆಯಲ್ಲಿ ತಂಪು ಪಾನೀಯದ ಫ್ರಿಜ್ಜು. ಖಾರ ಬನ್ನು ಕೆಳಗಿನ ತಟ್ಟೆಯಲ್ಲಿ ಒಂದು ಮೂಲೆಗಿತ್ತು, ನಾಟಕ ಕಂಪೆನಿಯ ಹಳೇ ನಟನ ಹಾಗೆ. ಒಂದು ತೊಗೊಂಡು ತಿಂದೆ. ತಣ್ಣಗಿತ್ತು. ಬೆಳಿಗ್ಗೆ ಮಾಡಿದ್ದು.

"ಹೇಗಿದೆ ಅಣ್ಣ?"

"ಚೆನ್ನಾಗಿಲ್ಲ ಕಣಪ್ಪ."

"ಗೊತ್ತು" ಅಂದ.

ಒಟ್ಟು ಎಷ್ಟು ಥರ ಐಟಂ ಅಂತ ಕೇಳಿದೆ. ಅರವತ್ತಕ್ಕೂ ಹೆಚ್ಚು ಅಂದ. ಅದರಲ್ಲಿ ನೀನು ಮಾಡೋದು ಎಷ್ಟು? ಹನ್ನೊಂದು. ಮಿಕ್ಕದ್ದು ಫ್ಯಾಕ್ಟರಿಯಿಂದ ವ್ಯಾನಿನಲ್ಲಿ ಬರುತ್ತೆ. ಅಪ್ಪ ಎಷ್ಟು ಮಾಡ್ತಿದ್ದರು? "ಹದಿನಾಲ್ಕು. ಎಲ್ಲಾ ಒಳಗೇ."

ಒಳಗೆ ಹೋಗಿ ನೋಡಿದೆ. ಕರೆಂಟಿನ ಓವನ್ನು ಗೋಡೆಗೆ ಒರಗಿತ್ತು. ಹಿಂದಿನ ಭಟ್ಟಿ ಹಾಗೇ ಇತ್ತು, ಒಡೆಸೋಕೆ ಮನಸ್ಸು ಬರಲಿಲ್ಲವಂತೆ. ಆದರೆ ಅದರ ಬಾಯಿಗೆ ತಂಪು ಪಾನೀಯದ ಖಾಲಿ ಕ್ರೇಟು ತುಂಬಿದ್ದರು. ಕಮಾನು ಮುಟ್ಟಿದೆ. ಕೈಗೆ ಮಸ್ಸೆ ಹತ್ತಿತು, ಕಾವು ಹತ್ತಲಿಲ್ಲ.

ಆಗ ನಾನು ದಿನವೆಲ್ಲ ತಿಂದು ಕಂಡದ್ದನ್ನು ಹೇಳಿದೆ. "ನೋಡಪ್ಪ, ಬಾಡಿಗೆ ಕಟ್ಟಬೇಕೋ ಬೇಡವೋ ನನಗೆ ತಿಳಿಯಲ್ಲ. ಆದರೆ ಓಡ್ತಾ ಇರೋ ಬೇಕರಿಗೆಲ್ಲ ಒಂದು ಹೊತ್ತಿದೆ, ಒಂದು ಹೀರೋ ಇದೆ. ಫ್ರೇಜರ್ ಟೌನಿನಲ್ಲಿ ಮೂರು ಗಂಟೆಗೆ ಜನ ಬಾಗಿಲು ಕಾಯ್ತಾರೆ. ವಿಶ್ವೇಶ್ವರಪುರದಲ್ಲಿ ಒಂದು ಬನ್ನಿಗೆ ಊರಾಚೆಯಿಂದ ಬರ್ತಾರೆ. ನಿನ್ನಪ್ಪನಿಗೂ ಐದೂಕಾಲು ಅಂತ ಒಂದು ಹೊತ್ತಿತ್ತು. ಟಾಕೀಸು ಮುಚ್ಚಿತು, ಆ ಹೊತ್ತು ಹೋಯಿತು. ನೀನು ಬೇರೆ ಹೊತ್ತು ಹುಡುಕಲಿಲ್ಲ, ಬೇರೆ ಐಟಂ ಹುಡುಕಿದೆ."

"ಈಗ ಮ್ಯಾಟ್ನಿ ಎಲ್ಲಿದೆ ಅಣ್ಣ?"

"ಮ್ಯಾಟ್ನಿ ಇಲ್ಲ. ಆದರೆ ಮೆಟ್ರೋ ಇದೆಯಲ್ಲೋ! ನಾನು ಈಗ ಅದರಲ್ಲೇ ಬಂದೆ."

ನಿಜವಾಗಿಯೂ ಮೆಟ್ಟಿಲಿಳಿಯುವಾಗಲೇ ನನಗೆ ಹೊಳೆದಿತ್ತು. ಶ್ರೀರಾಮಪುರ ನಿಲ್ದಾಣ 2014ರಿಂದ ಇದೆ. ಸಂಜೆ ಒಂದೊಂದು ರೈಲಿಗೂ ಹಸಿದ ಜನ ಕೆಳಗಿಳೀತಾರೆ. ಮ್ಯಾಟ್ನಿ ದಿನಕ್ಕೆ ಒಂದು ಸಲ ಬಿಡ್ತಿತ್ತು, ಇದು ಹತ್ತು ನಿಮಿಷಕ್ಕೊಂದು ಸಲ ಬಿಡುತ್ತೆ.

ಹುಡುಗ ಸುಲಭಕ್ಕೆ ಒಪ್ಪೋನಲ್ಲ. ಅಪ್ಪನ ಮಗ. "ಹೇಳೋದು ಸುಲಭ ಅಣ್ಣ. ಹಿಟ್ಟು ನಾದೋ ಕೆಲಸದವರು ಒಂದು ವಾರ ನಿಲ್ಲಲ್ಲ. ಸೌದೆ ಎಲ್ಲಿಂದ ತರಲಿ? ಹೊಗೆ ಬಂದರೆ ಮೇಲಿನ ಮನೆಯವರು ಸುಮ್ಮನಿರ್ತಾರಾ? ಬನ್ನು ಮಾರಿ ಎರಡರಷ್ಟು ಬಾಡಿಗೆ ಕಟ್ಟೋಕಾಗತ್ತಾ?" ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲ ಅಂತಲೇ ಹೇಳಿದೆ. ಇಬ್ಬರೂ ಸುಮ್ಮನೆ ಕೂತೆವು. ಒಬ್ಬಳು ಹುಡುಗಿ ಬಂದು ಚಿಪ್ಸು ಕೊಂಡು ಹೋದಳು.

ಆಮೇಲೆ ಅವನು ಗಲ್ಲಾದ ಕೆಳಗಿನಿಂದ ಒಂದು ಉದ್ದನೆಯ ಪುಸ್ತಕ ತೆಗೆದ. ಕೆಂಪು ಬಟ್ಟೆಯ ರಟ್ಟು, ಅಂಚೆಲ್ಲ ಎಣ್ಣೆ. ಅಂಗಡಿ ಖಾಲಿ ಮಾಡಬೇಕಾದೀತು ಅಂತ ಹಳೇದೆಲ್ಲ ತೆಗೆದು ನೋಡುವಾಗ ಸಿಕ್ಕಿತಂತೆ. ನನ್ನ ಹೆಸರಿನ ಪುಟ ತೆರೆದು ಮುಂದಿಟ್ಟ. ಅಯ್ಯಂಗಾರ್ರ ಮುತ್ತಿನಂಥ ಅಕ್ಷರ. ಹೆಸರಿನ ಪಕ್ಕ ಆವರಣದಲ್ಲಿ 'ಹೀರೋ' ಅಂತ ಬರೆದಿದ್ದರು. ತಮಾಷೆಗೋ, ನಂಬಿಕೆಗೋ ಈಗ ಕೇಳೋ ಹಾಗಿಲ್ಲ. ತಾರೀಖು ತಾರೀಖಿಗೂ ಬನ್ನು ಒಂದು, ಬನ್ನು ಎರಡು. ಕೊನೆಗೆ ಕೂಡಿಸಿ ಗೆರೆ ಎಳೆದಿದ್ದರು: 83 ರೂಪಾಯಿ 70 ಪೈಸೆ. ಆಗ ಬನ್ನು ಮೂವತ್ತು ಪೈಸೆ. ಮನಸ್ಸಿನಲ್ಲೇ ಭಾಗಿಸಿದೆ. 279 ಬನ್ನು!

ಜೇಬಿನಿಂದ ಒಂದು ಐವತ್ತು, ಎರಡು ಇಪ್ಪತ್ತು ತೆಗೆದು ಪುಸ್ತಕದ ಮೇಲಿಟ್ಟೆ. ಬೇಡ ಅಂತಾನೇನೋ ಅಂದುಕೊಂಡೆ. ಅನ್ನಲಿಲ್ಲ. ಎಣಿಸಿ ಗಲ್ಲಾಕ್ಕೆ ಹಾಕಿದ. ಪೆನ್ನು ತೆಗೆದು, ಅಪ್ಪನ ಮೊತ್ತದ ಕೆಳಗೆ 'ಪೂರಾ ಬಂತು' ಅಂತ ಬರೆದು ತಾರೀಖು ಹಾಕಿದ. ಆರು ರೂಪಾಯಿ ಚಿಲ್ಲರೆ ಕೊಟ್ಟ. ಇನ್ನು ಮೂವತ್ತು ಪೈಸೆ ಉಳಿಯಿತು.

"ಮೂವತ್ತು ಪೈಸೆ ಎಲ್ಲಿಂದ ತರಲಿ ಅಣ್ಣ?"

"ಬಿಡಪ್ಪ."

"ಬಿಡೋದು ಹೇಗೆ, ಅದು ಒಂದು ಬನ್ನು." ಪುಟ ತಿರುಗಿಸಿ, ಖಾಲಿ ಹಾಳೆಯ ಮೇಲ್ಗಡೆ ನನ್ನ ಹೆಸರು ಬರೆದು, ಕೊಡಬೇಕಾದದ್ದು ಖಾರ ಬನ್ನು ಒಂದು ಅಂತ ಬರೆದುಕೊಂಡ. ಆಮೇಲೆ ಒಳಗೆ ಹೋಗಿ ಭಟ್ಟಿಯ ಬಾಯಿಂದ ಕ್ರೇಟುಗಳನ್ನು ಒಂದೊಂದಾಗಿ ಎಳೆದು ಹೊರಗಿಡೋಕೆ ಶುರುಮಾಡಿದ.

"ಶನಿವಾರ ಸಂಜೆ ಆರೂವರೆಗೆ ಬನ್ನಿ. ಬಿಸಿದು ಕೊಡ್ತೀನಿ" ಅಂತ ಅಲ್ಲಿಂದಲೇ ಕೂಗಿದ. "ನಾಲ್ಕು ಗಂಟೆಗೇ ಬಂದರೆ ಒಳ್ಳೇದು. ಹಿಟ್ಟು ನಾದೋಕೆ ಆಳಿಲ್ಲ."